ಬಾರದ ಮೀಸೆ, ನಿಲ್ಲದ ಕೂದಲು

ತಲೆ ಬಾಚಿದ ಮೇಲೆ ಬಾಚಣಿಗೆಗೆ ಸಿಕ್ಕಿಕೊಂಡ ಕೂದಲನ್ನು ಬಿಡಿಸಿ, ತೋರುಬೆರಳಿಗೆ ಸುತ್ತಿ, ಪುಟ್ಟ ಉಂಡೆ ಮಾಡಿ, ಥೂ ಥೂ ಎಂದು ಉಗುಳಿದಂತೆ ಮಾಡಿ, ಕಿಟಕಿಯ ಸಂದಿಗೆ ಸಿಕ್ಕಿಸುವುದು ನನಗೆ ಚಿಕ್ಕಂದಿನಿಂದ ಬಂದ ಅಭ್ಯಾಸ. ಇದರಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ. ನಮ್ಮ ಕಡೆಯ ಹೆಂಗಸರೆಲ್ಲ ಮಾಡುವುದೇ. ಆದರೆ ಪಾವಗಡದ ಒಂದು ಬಾಡಿಗೆ ಕೋಣೆಯಲ್ಲಿ ಲುಂಗಿ ಉಟ್ಟ, ಒಡಕು ದನಿಯ ಗಂಡಸೊಬ್ಬ ಇದನ್ನು ಮಾಡಿದರೆ ನೋಡಿದವರಿಗೆ ಒಂಥರಾ ಅನ್ನಿಸುತ್ತದೆ. ನನ್ನ ಜೊತೆ ಕೋಣೆ ಹಂಚಿಕೊಂಡಿರುವ ಓಬಳೇಶನಿಗೂ ಅನ್ನಿಸಿತು.

"ಏಂದ್ರಾ ಅದು?" ಎಂದ.

"ಕೂದ್ಲು."

"ಕೂದ್ಲು ಅಂತ ಕಾಣ್ತೈತೆ. ಕಿಟಕೀಲಿ ಯಾಕ್ರಾ ಮಡಗ್ತೀಯ? ಮಾಟ ಮಾಡೋರು ನೋಡಿದ್ರೆ ಎತ್ಕೊಂಡೋಗಿ ಏನಾರಾ ಮಾಡ್ಬುಡ್ತಾರೆ."

"ಪಿನ್ನಿನವನು ಬಂದ್ರೆ ಕೊಡೋಣ ಅಂತ" ಎಂದುಬಿಟ್ಟೆ. ಅಂದಮೇಲೆ ನನಗೇ ನಗು ಬಂತು. ಪಿನ್ನಿನವನು ಬಂದರೆ ನಾನು ಪಿನ್ನು ತೆಗೆದುಕೊಂಡು ಎಲ್ಲಿ ಚುಚ್ಚಿಕೊಳ್ಳಲಿ?

ಓಬಳೇಶ ವಳ್ಳೂರಿನವನು, ಮಾತಿನಲ್ಲಿ ಅರ್ಧ ತೆಲುಗು. ಅವನ ಮನೆಯವರು ಕಡಲೆಕಾಯಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಸೋಲಾರ್ ಹಲಗೆಗಳು ನಿಂತಿವೆ. ಆ ಹಲಗೆಗಳ ಧೂಳು ತೊಳೆಸುವ ಉಸ್ತುವಾರಿ ಅವನದು, ಅವುಗಳ ತಂತಿ ಮತ್ತು ಪೆಟ್ಟಿಗೆಗಳನ್ನು ನೋಡಿಕೊಳ್ಳುವ ಕೆಲಸ ನನ್ನದು. ನಾನು ಹೆಣ್ಣಾಗಿ ಹುಟ್ಟಿದವನು ಎನ್ನುವುದು ಅವನಿಗೆ ಗೊತ್ತು. ಕೋಣೆಗೆ ಬರುವ ಮೊದಲೇ ನಾನೇ ಹೇಳಿದ್ದೆ. ಆವತ್ತು ಅವನು "ಗೊರಕೆ ಹೊಡೀತೀಯಾ?" ಎಂದು ಕೇಳಿದ್ದ. ಇಲ್ಲ ಎಂದಿದ್ದೆ. ಗಂಡಸಿನ ಹಾರ್ಮೋನಿನ ಇಂಜೆಕ್ಷನ್ ಶುರುವಾದ ಮೇಲೆ ಅದೂ ಶುರುವಾಗಿದೆಯಂತೆ.

ನಿಮಗೆ ಈಗಾಗಲೇ ಸ್ವಲ್ಪ ಗೊಂದಲವಾಗಿದ್ದರೆ ತಪ್ಪು ನಿಮ್ಮದಲ್ಲ. ಗೊಂದಲದಿಂದ ನಾನೇ ಇನ್ನೂ ಪೂರ್ತಿ ಹೊರಗೆ ಬಂದಿಲ್ಲ. ಹುಟ್ಟಿದಾಗ ಮಂಜುಳ, ಈಗ ಮಂಜುನಾಥ. ಊರಿನವರ ಬಾಯಿಗೆ ಕಷ್ಟವಾಗಬಾರದೆಂದು ಹಾಗೆ ಆರಿಸಿಕೊಂಡೆ. ಆಗಲೂ ಮಂಜು, ಈಗಲೂ ಮಂಜು. ಇದರಿಂದ ಆದ ಒಂದು ತೊಂದರೆಯೆಂದರೆ, ಅವ್ವ "ಮಂಜೂ" ಎಂದು ಕೂಗಿದಾಗ ಅವಳು ಯಾರನ್ನು ಕೂಗುತ್ತಿದ್ದಾಳೆಂದು ಗೊತ್ತಾಗುವುದಿಲ್ಲ. ಕೇಳುವುದಕ್ಕೂ ಭಯ.

ಪಿನ್ನಿನವನ ವಿಷಯ ಹೇಳುತ್ತಿದ್ದೆ. ನಮ್ಮೂರು ಕೊಳಾಲದ ಹತ್ತಿರದ್ದು. ನಾನು ಚಿಕ್ಕವನಾಗಿದ್ದಾಗ, ಅಥವಾ ಚಿಕ್ಕವಳಾಗಿದ್ದಾಗ, ಎರಡರಲ್ಲಿ ಯಾವುದನ್ನು ಹೇಳಿದರೂ ಅರ್ಧ ಸುಳ್ಳು ಹೇಳಿದಂತಾಗುತ್ತದೆ, ನಮ್ಮ ಬೀದಿಗೆ ಸೈಕಲ್ಲಿನ ಹಿಂದೆ ತಗಡಿನ ಪೆಟ್ಟಿಗೆ ಕಟ್ಟಿಕೊಂಡು ಒಬ್ಬ ಬರುತ್ತಿದ್ದ. "ಕೂದ್ಲೂ... ಏರ್‌ಪಿನ್ನೂ..." ಎಂದು ಕೂಗುತ್ತಿದ್ದ. ಕೂಗು ಕೇಳಿದ್ದೇ ತಡ, ಬೀದಿಯ ಹೆಂಗಸರೆಲ್ಲ ಬಚ್ಚಲ ಗೋಡೆಯ ಸಂದಿಗಳಿಗೆ, ಸೂರಿನ ಗಳುಗಳಿಗೆ ಕೈ ಹಾಕುತ್ತಿದ್ದರು. ತಿಂಗಳುಗಟ್ಟಲೆ ಸಿಕ್ಕಿಸಿಟ್ಟ ಉಂಡೆಗಳು ಹೊರಗೆ ಬರುತ್ತಿದ್ದವು. ಅವನು ಅದನ್ನು ಅಂಗೈಯಲ್ಲಿ ತೂಗಿ, ಮೂಗು ಮುರಿದು, ಒಂದಿಷ್ಟು ಪಿನ್ನೋ ಟೇಪೋ ಕೊಡುತ್ತಿದ್ದ. ನಮ್ಮ ಮನೆಯ ಉಂಡೆಗೆ ಮಾತ್ರ ಅವನು ಮೂಗು ಮುರಿದದ್ದನ್ನು ನಾನು ನೋಡಿಲ್ಲ. "ಇದು ಕೂದ್ಲು ಕಣಮ್ಮ" ಎಂದು ಎಲ್ಲರೆದುರು ಎತ್ತಿ ತೋರಿಸುತ್ತಿದ್ದ. ಅದು ನನ್ನ ತಲೆಯದು. ಅವ್ವ ಸೆರಗು ಸರಿಮಾಡಿಕೊಂಡು ನಿಂತುಕೊಳ್ಳುವ ರೀತಿ ನೋಡಿದರೆ ಜಿಲ್ಲೆಗೇ ಮೊದಲನೆಯವಳಾಗಿ ಪಾಸಾದ ಮಗಳ ತಾಯಿ ಎನ್ನಬೇಕು.

ಅವ್ವನ ಸ್ವಂತ ಜಡೆ ಇಲಿಬಾಲ. ಅದಕ್ಕೇ ಅವಳ ಆಸೆಯೆಲ್ಲ ನನ್ನ ತಲೆಯ ಮೇಲೆ. ಭಾನುವಾರ ಬಂತೆಂದರೆ ಎರಡು ಮಂಡಿಗಳ ನಡುವೆ ನನ್ನನ್ನು ಇಕ್ಕಳದಲ್ಲಿ ಹಿಡಿದಂತೆ ಕೂರಿಸಿಕೊಂಡು ಹರಳೆಣ್ಣೆ ತಟ್ಟುವಳು. ಎಣ್ಣೆ ಕಿವಿಯ ಹಿಂದೆ ಇಳಿದು ಕತ್ತಿಗೆ ಬರುವುದು. ಬೀದಿಯಲ್ಲಿ ಹುಡುಗರು ಗೋಲಿ ಆಡುವ ಸದ್ದು ಕೇಳಿಸುವುದು. ಅದಾದ ಮೇಲೆ ಸೀಗೆಕಾಯಿ, ಕಣ್ಣುರಿ, ಅಳು, ಬೆನ್ನಿಗೊಂದು ಗುದ್ದು, ಆಮೇಲೆ ಸಾಂಬ್ರಾಣಿ ಹೊಗೆ. ಮಧುಗಿರಿಯ ಸ್ಟುಡಿಯೋದಲ್ಲಿ ಮೊಗ್ಗಿನ ಜಡೆ ಹಾಕಿಸಿ, ಬೆನ್ನ ಹಿಂದೆ ಕನ್ನಡಿ ಇಟ್ಟು ತೆಗೆಸಿದ ಫೋಟೋ ಈಗಲೂ ನಮ್ಮ ಮನೆಯ ನಡುಮನೆಯಲ್ಲಿದೆ. ಕನ್ನಡಿಯಲ್ಲಿ ಕಾಣುವ ಜಡೆ ರಾಣಿಯದು. ಎದುರಿಗೆ ಕಾಣುವ ಮುಖ ಹರಳೆಣ್ಣೆ ಕುಡಿದವರದು. ನೆಂಟರು ಬಂದರೆ ಅವ್ವ ಬೆರಳಿಟ್ಟು ತೋರಿಸುವುದು ಕನ್ನಡಿಯನ್ನು ಮಾತ್ರ.

ಆ ಕೂದಲಿನ ಮೇಲೆ ಒಂದು ಹರಕೆಯೂ ಇತ್ತು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನನಗೆ ಐದೋ ಆರೋ ವರ್ಷವಿದ್ದಾಗ ಜ್ವರ ನೆತ್ತಿಗೇರಿ ಕಣ್ಣು ಮೇಲೆ ಮಾಡಿಬಿಟ್ಟಿದ್ದೆನಂತೆ. ಅವ್ವ ಮನೆದೇವರಾದ ಬೆಟ್ಟದ ರಂಗಸ್ವಾಮಿಗೆ, "ನನ್ ಮಗಳ್ನ ಉಳಿಸ್ಕೊಡಪ್ಪ, ಮುಡಿ ಕೊಡಿಸ್ತೀನಿ" ಎಂದು ಕೈಮುಗಿದಳು. ಜ್ವರ ಇಳಿಯಿತು. ನಮ್ಮ ಮನೆತನದಲ್ಲಿ ಮಗುವಿನ ಮೊದಲ ಮುಡಿ ಎಲ್ಲರಿಗೂ ಒಂದೇ. ಆಮೇಲಿನ ಹರಕೆಗಳಿಗೆ ಗಂಡಸರಾದರೆ ಪೂರ್ತಿ ತಲೆ ಬೋಳಿಸಿಕೊಳ್ಳಬೇಕು. ಹೆಣ್ಣುಮಕ್ಕಳಿಗೆ ಮೂರು ಕತ್ತರಿ ಸಾಕು. ಅಂದರೆ ಜಡೆಯ ತುದಿಯಲ್ಲಿ ಮೂರು ಸಲ ಕತ್ತರಿ ಆಡಿಸಿ, ಬಿದ್ದಷ್ಟನ್ನು ಹುಂಡಿಗೆ ಹಾಕಿ ಅಡ್ಡಬಿದ್ದರೆ ಮುಗಿಯಿತು.

ಅಷ್ಟು ಸಣ್ಣ ಕೆಲಸ, ಆದರೆ ಆಗಲೇ ಇಲ್ಲ. ಇನ್ನೂ ಸ್ವಲ್ಪ ಉದ್ದ ಆಗಲಿ, ದೇವರಿಗೆ ಕೊಡುವುದು ಚೆನ್ನಾಗಿರಲಿ ಎಂದು ಅವ್ವ ಮುಂದಕ್ಕೆ ಹಾಕಿದಳು. ಆಮೇಲೆ ಪರೀಕ್ಷೆ ಬಂತು, ಸೂತಕ ಬಂತು, ಹಾಸ್ಟೆಲ್ಲು ಬಂತು. ಕೊನೆಗೆ ಡಿಪ್ಲೊಮಾ ಮುಗಿದ ವಾರ ನಾನೇ ಮಧುಗಿರಿಯ ಒಂದು ಸಲೂನಿಗೆ ನುಗ್ಗಿ, ಕುರ್ಚಿಯಲ್ಲಿ ಕೂತು, "ಕ್ರಾಪ್" ಎಂದೆ. ಸ್ವಾಮಿಯ ಪಾಲಿನದು ಸಲೂನಿನ ಕಸದ ಪುಟ್ಟಿಗೆ ಹೋಯಿತು. ಅವ್ವ ಮೂರು ದಿನ ಮಾತಾಡಲಿಲ್ಲ. ನಾಲ್ಕನೆಯ ದಿನ ಆಡಿದ ಮಾತುಗಳನ್ನು ಇಲ್ಲಿ ಬರೆಯಲಾಗದು.

ಹೆಣ್ಣಲ್ಲ, ಗಂಡು ಎನ್ನುವ ವಿಷಯವನ್ನು ಮನೆಯಲ್ಲಿ ಹೇಳಿದ್ದು ಅದಾಗಿ ಎಷ್ಟೋ ಕಾಲವಾದ ಮೇಲೆ. ಅವ್ವ ಅತ್ತಳು. ಅಪ್ಪ ಖಾಸಗಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದವನು, ಎಂಥ ನೂಕುನುಗ್ಗಲಿನಲ್ಲೂ ದನಿ ಏರಿಸದವನು. "ಇದ್ರಿಂದ ಕೆಲ್ಸಕ್ಕೇನೂ ತೊಂದ್ರೆ ಇಲ್ವಾ?" ಎಂದು ಕೇಳಿದ. ಇಲ್ಲ ಎಂದೆ. "ಅಂಗಾದ್ರೆ ಸರಿ ಬುಡು" ಎಂದು ಹಟ್ಟಿ ಕಡೆ ಹೋದ. ಅವ್ವ ಮಾತ್ರ ಮಾರನೆಯ ದಿನದಿಂದ ನಾನು ಏನೂ ಹೇಳಿಯೇ ಇಲ್ಲವೆಂಬಂತೆ ಇದ್ದುಬಿಟ್ಟಳು. ಮಗಳು ಎನ್ನುವುದನ್ನು ನಿಲ್ಲಿಸಿದಳು, ಮಗ ಎನ್ನುವುದನ್ನು ಶುರುಮಾಡಲಿಲ್ಲ. ಪಕ್ಕದ ಮನೆಯವರಿಗೆ "ಮಂಜು ಬಂದೈತೆ, ಮಂಜು ಉಂಡೈತೆ" ಎಂದು ಬೆಕ್ಕಿನ ಸುದ್ದಿ ಹೇಳಿದ ಹಾಗೆ ಹೇಳುವಳು.

ಇಂಜೆಕ್ಷನ್ ಶುರುಮಾಡುವ ಮೊದಲು ಡಾಕ್ಟರಮ್ಮ ಎಲ್ಲವನ್ನೂ ಬಿಡಿಸಿ ಹೇಳಿದ್ದರು. ದನಿ ಒಡೆಯುತ್ತದೆ, ಮೊಡವೆ ಬರುತ್ತದೆ, ಗಡ್ಡ ಮೀಸೆ ನಿಧಾನ, ವರ್ಷಗಟ್ಟಲೆ ಹಿಡಿಯಬಹುದು ಎಂದರು. ನಾನು ತಲೆಯಾಡಿಸುತ್ತಿದ್ದೆ. ನನ್ನ ಕಣ್ಣ ಮುಂದೆ ಆಗಲೇ ಮೀಸೆ ಬಂದು ಕೂತಿತ್ತು. "ಕೂದಲು ಎಲ್ಲಿ ಬರುತ್ತೆ, ಎಲ್ಲಿ ಹೋಗುತ್ತೆ ಅನ್ನೋದು ನಮ್ಮ ಕೈಯಲ್ಲಿಲ್ಲ. ಅದು ನಿಮ್ಮ ವಂಶದಲ್ಲಿ ಇದ್ದ ಹಾಗೆ. ನಿಮ್ಮ ಮನೆ ಗಂಡಸರ ತಲೆ ಹೇಗಿದೆ?" ಎಂದರು.

ನಮ್ಮ ಮನೆ ಗಂಡಸರನ್ನೆಲ್ಲ ಟವಲ್ ತೆಗೆಸಿ ಸಾಲಾಗಿ ನಿಲ್ಲಿಸಿದರೆ ವಳ್ಳೂರಿನ ಹಲಗೆಗಳ ಪಕ್ಕದಲ್ಲಿ ಅವರಿಂದಲೂ ಒಂದಿಷ್ಟು ಕರೆಂಟು ತೆಗೆಯಬಹುದು. ಅಪ್ಪನಿಗೆ ಮದುವೆಯ ಫೋಟೋದಲ್ಲಿಯೇ ಹಣೆ ಎಲ್ಲಿ ಮುಗಿಯುತ್ತದೆಂದು ಹೇಳುವುದು ಕಷ್ಟ. ತಾಯಿಯ ಕಡೆ ಸೋದರಮಾವನದೂ ಅದೇ ಕಥೆ. ಹೆಣ್ಣಾಗಿದ್ದಷ್ಟು ದಿನ ಈ ಆಸ್ತಿ ನನ್ನ ಪಾಲಿಗೆ ಬರುವ ಭಯವಿರಲಿಲ್ಲ.

ಬಂದದ್ದು ಹೇಗೆ ಬಂತು ಕೇಳಿ. ಮೊದಲು ಹೊಟ್ಟೆಯ ಮೇಲೆ, ಆಮೇಲೆ ತೊಡೆ, ಆಮೇಲೆ ಕಾಲಿನ ಹೆಬ್ಬೆರಳು. ಕಾಲಿನ ಹೆಬ್ಬೆರಳ ಮೇಲೆ ಬಂದ ಮೀಸೆಯನ್ನು ಯಾರಿಗೆ ತಿರುವಿ ತೋರಿಸುವುದು? ಗದ್ದದ ಎಡಗಡೆ ನಾಲ್ಕು ಬಂದವು, ಬಲಗಡೆಯದು ಇನ್ನೂ ಯೋಚನೆ ಮಾಡುತ್ತಿತ್ತು. ಮೇಲ್ದುಟಿಯ ಎರಡು ಮೂಲೆಗಳಲ್ಲಿ ನೆರಳಿನಂತೆ ಏನೋ ಕಾಣಿಸಿಕೊಂಡು ನಡುವೆ ಬಯಲು ಉಳಿಯಿತು. ದಿನಾ ಬೆಳಿಗ್ಗೆ ಕನ್ನಡಿಗೆ ಮೂಗು ತಾಗಿಸಿ ನೋಡುವುದೇ ನನ್ನ ಪೂಜೆಯಾಯಿತು. ಅದೇ ಹೊತ್ತಿನಲ್ಲಿ ಬಾಚಣಿಗೆಯಲ್ಲಿ ಕೂದಲು ಹೆಚ್ಚಾಯಿತು. ಹಣೆಯ ಎರಡೂ ಮೂಲೆಗಳು ಮೆಲ್ಲನೆ ಹಿಂದಕ್ಕೆ ಸರಿದವು.

ಆಗ ನನಗೆ ಆದದ್ದನ್ನು ಹೇಗೆ ಹೇಳಲಿ? ಮೊದಲ ದಿನ ನಿಜವಾಗಿ ಖುಷಿಯಾಯಿತು. ಅದು ಗಂಡಸಿನ ಹಣೆ. ಅಪ್ಪನ ಹಣೆ. ಕನ್ನಡಿಯಲ್ಲಿ ಅಡ್ಡ ತಿರುಗಿ ನೋಡಿಕೊಂಡೆ, ಫೋಟೋ ತೆಗೆದುಕೊಂಡೆ. ಎರಡನೆಯ ದಿನ ಆ ಫೋಟೋ ಅಳಿಸಿಹಾಕಿದೆ. ಹುಡುಗಿಯಾಗಿದ್ದಾಗ ಈ ಕೂದಲನ್ನು ಎಂದು ಕತ್ತರಿಸಿ ಎಸೆದೇನೋ ಎಂದು ಕಾಯುತ್ತಿದ್ದವನು ಈಗ ಉದುರಿದ ಒಂದೊಂದಕ್ಕೂ ಮರುಗತೊಡಗಿದೆ. ದುಃಖಪಟ್ಟರೆ ಬೇಕೆಂದೇ ಆರಿಸಿಕೊಂಡ ದಾರಿಗೆ ದ್ರೋಹ ಬಗೆದಂತೆ. ಖುಷಿಪಟ್ಟರೆ ಭಾನುವಾರಗಳಿಗೆ, ಅವ್ವನ ಎಣ್ಣೆಗೈಗೆ ದ್ರೋಹ ಬಗೆದಂತೆ. ಬೆಳಿಗ್ಗೆ ಒಂದು, ಸಂಜೆ ಒಂದು ಎಂದು ಎರಡನ್ನೂ ಪಟ್ಟೆ.

ಡಾಕ್ಟರಮ್ಮನ ಹತ್ತಿರ ಮತ್ತೆ ಹೋದೆ. ತಲೆಗೆ ಹಚ್ಚುವ ಒಂದು ಔಷಧಿ ಇದೆ, ನುಂಗುವ ಒಂದು ಮಾತ್ರೆಯೂ ಇದೆ ಎಂದರು. ಮಾತ್ರೆ ತಲೆಗೂದಲನ್ನು ಹಿಡಿದು ನಿಲ್ಲಿಸಬಹುದು, ಆದರೆ ಬರುತ್ತಿರುವ ಗಡ್ಡಮೀಸೆಯನ್ನೂ ನಿಧಾನ ಮಾಡಬಹುದು. "ನಿಮಗೆ ಯಾವುದು ಮುಖ್ಯ, ಯೋಚನೆ ಮಾಡಿ ಬನ್ನಿ" ಎಂದು ಕಳಿಸಿದರು. ಪಾವಗಡಕ್ಕೆ ಬರುವ ಬಸ್ಸಿನಲ್ಲಿ ಅದನ್ನೇ ಯೋಚಿಸಿದೆ. ಶಿರಾ ಬಂತು, ಹೋಯಿತು, ನನಗೆ ಯಾವುದು ಮುಖ್ಯ ಎಂದು ಗೊತ್ತಾಗಲಿಲ್ಲ. ಕೋಣೆಗೆ ಬಂದವನೇ ಓಬಳೇಶನನ್ನು ಕೇಳಿದೆ.

ಅವನು ಅನ್ನ ಕಲಸುತ್ತಿದ್ದವನು ಕೈ ನಿಲ್ಲಿಸಿ ಹೇಳಿದ: "ತಲೆಗಾದ್ರೆ ಟೋಪಿ ಉಂದಿ ರಾ. ಮೀಸೆಗೆ ಏನೈತೆ?"

ಮಾತು ಸರಿಯೆನಿಸಿತು. ಆದರೆ ರಾತ್ರಿ ಊಟ ಮುಗಿಯುವುದರೊಳಗೆ ಮತ್ತೆ ತಪ್ಪೆನಿಸಿತು.

ಇಷ್ಟರಲ್ಲಿ ಊರಿಗೆ ಹೋದಾಗ ಅವ್ವನ ಕಣ್ಣಿಗೆ ನನ್ನ ಹಣೆ ಬಿತ್ತು. ಅವ್ವ ನನ್ನ ದನಿಯ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ನೆಗಡಿಯೆಂದು ತಿಳಿದವಳಂತೆ ಮೆಣಸಿನ ಕಷಾಯ ಮಾಡಿಕೊಟ್ಟಿದ್ದಳು. ಹಣೆಯನ್ನು ಮಾತ್ರ ಅವಳಿಗೆ ಸಹಿಸಲಾಗಲಿಲ್ಲ. "ಅಯ್ಯೋ, ಇದೇನಾಗೋಯ್ತು ನಿನ್ ತಲೆಗೆ!" ಎಂದು ಬಾಯಿ ಬಡಿದುಕೊಂಡಳು. ಮುಂದಿನ ವಾರ ಅಪ್ಪನ ಹಳೆಯ ಗೆಳೆಯರ ಬಸ್ಸಿನಲ್ಲಿ ಪಾವಗಡಕ್ಕೆ ಒಂದು ಚೀಲ ಬಂತು. ಒಳಗೆ ಒಂದು ಬಾಟಲಿ ಎಣ್ಣೆ, ದಾಸವಾಳದ ಎಲೆ, ಮೆಂತ್ಯ, ಗರುಗದ ಸೊಪ್ಪು ಎಲ್ಲ ಹಾಕಿ ಕಾಯಿಸಿದ್ದು, ತಲೆಗೆ. ಜೊತೆಗೆ ಕಸ್ತೂರಿ ಅರಿಶಿನದ ಪೊಟ್ಟಣ, ಮುಖಕ್ಕೆ. ಹುಡುಗಿಯರ ಮುಖದ ಕೂದಲು ಉದುರಿಹೋಗಲೆಂದು ಹಚ್ಚುವ ಅರಿಶಿನ ಅದು. ಬರುವ ಕಡೆ ಹೋಗಲಿ, ಹೋಗುವ ಕಡೆ ಬರಲಿ ಎಂದು ಅವ್ವ ನನ್ನ ಡಾಕ್ಟರಮ್ಮನಿಗೆ ಎದುರಾಗಿ ಒಬ್ಬಳೇ ಯುದ್ಧಕ್ಕೆ ನಿಂತಿದ್ದಳು.

ನಾನು ಎಣ್ಣೆಯನ್ನು ಮೀಸೆಗೆ ಹಚ್ಚಿದೆ. ಓಬಳೇಶ ಅರಿಶಿನವನ್ನು ಸಾರಿಗೆ ಹಾಕಿಬಿಟ್ಟ. ಸಾರು ಸೋಪಿನ ವಾಸನೆ ಹೊಡೆಯಿತು.

"ಕೂದ್ಲು ನಿಂತೈತಾ?" ಅವ್ವ ಫೋನಿನಲ್ಲಿ ಕೇಳುತ್ತಿದ್ದಳು.

"ಇಲ್ಲವ್ವ. ಇದು ಇಂಜೆಕ್ಷನ್ನಿಂದ ಆಗ್ತಿರೋದು. ಮುಖದಲ್ಲಿ ಬತ್ತದೆ, ತಲೇಲಿ ಹೋಗ್ತದೆ."

"ಇದ್ಯಾವ ಸೀಮೆ ಔಷ್ದಿ? ಈ ಹೊಲದ್ದು ಕಿತ್ತು ಆ ಹೊಲಕ್ಕೆ ನಾಟಿ ಮಾಡೋಕೆ ಅದೇನು ರಾಗಿ ಪೈರಾ?"

ಒಂದು ದಿನ ಅವಳೇ ಕಾರಣ ಕಂಡುಹಿಡಿದಳು. ಬೆಳಿಗ್ಗೆ ಬೆಳಿಗ್ಗೆಯೇ ಫೋನು ಬಂತು. ದನಿಯಲ್ಲಿ ಭಯವಿತ್ತು.

"ಮಂಜೂ, ನಂಗೆ ಈಗ ಗೊತ್ತಾಯ್ತು. ಅದು ಉದುರ್ತಾ ಇರೋದಲ್ಲ. ಸ್ವಾಮಿ ಎಳ್ಕೋತಾವ್ನೆ. ಅವ್ನಿಗೆ ಕೊಡ್ತೀನಿ ಅಂದಿದ್ದು ಕೊಡ್ಲಿಲ್ವಲ್ಲ, ಒಂದೊಂದೇ ತಾನೇ ತಗೋತಾವ್ನೆ. ತಲೆಗೂದ್ಲು ಮುಗಿದ್ಮೇಲೆ ಇನ್ನೇನು ಎಳ್ಕೋತಾನೋ! ರಜ ಹಾಕ್ಬುಟ್ಟು ಬಾ."

ಹಾರ್ಮೋನಿನ ಬಗ್ಗೆ ನಾನು ಓದಿದ್ದನ್ನೆಲ್ಲ ಹೇಳಬೇಕೆಂದುಕೊಂಡೆ. ಹೇಳಲಿಲ್ಲ. ಅವಳ ಲೆಕ್ಕದಲ್ಲಿ ಅದು ಕೂದಲಲ್ಲ, ನನ್ನ ಜೀವ. ಆ ಜ್ವರದ ದಿನ ಅವಳು ಅಡವಿಟ್ಟದ್ದು ಇನ್ನೂ ಬಿಡಿಸಿಕೊಂಡಿಲ್ಲವೆಂಬ ಹೆದರಿಕೆ. ರಜ ಹಾಕಿ ಹೋದೆ.

ಹೋದಮೇಲೆ ಹೊಸ ಪ್ರಶ್ನೆ ಎದ್ದಿತು. ಕೊಡುವುದು ಯಾವ ಮುಡಿ? ಮೂರು ಕತ್ತರಿಯೋ, ಪೂರ್ತಿ ತಲೆಯೋ? ರಾಗಿ ರೊಟ್ಟಿ ತಿನ್ನುತ್ತಾ ಅಪ್ಪನೇ ಈ ಮಾತು ತೆಗೆದ. "ಹರಕೆ ಹೊತ್ತಾಗ ಹೆಂಗಿತ್ತೋ ಅಂಗೇ ತೀರಿಸ್ಬೇಕಾ, ಇಲ್ಲಾ ಈಗ ಹೆಂಗೈತೋ ಅಂಗಾ?" ಎಂದು ಸೀಟು ಸಿಗದ ಪ್ರಯಾಣಿಕನನ್ನು ಎಲ್ಲಿ ಕೂರಿಸುವುದೆಂದು ಯೋಚಿಸುವವನಂತೆ ಕೇಳಿದ. ಅವ್ವ ಇನ್ನೊಂದು ರೊಟ್ಟಿ ತಟ್ಟಿದಳು. "ಅಲ್ಲೋದ್ಮೇಲೆ ನೋಡಾನ ಬುಡು" ಎಂದಳು.

ನಿಮ್ಮ ಹತ್ತಿರ ಮುಚ್ಚಿಡುವುದೇನು? ನನಗೆ ಬೇಕಾಗಿದ್ದು ಒಂದೇ ಒಂದು. ಅವ್ವ ಒಂದು ಸಲ, ಯಾರಾದರೂ ಒಬ್ಬರ ಎದುರಿಗೆ, ನನ್ನನ್ನು ಮಗ ಎನ್ನಬೇಕು. ಮೂರು ಕತ್ತರಿ ಎಂದರೆ ನಾನು ಅವಳಿಗೆ ಇನ್ನೂ ಮಗಳು. ಪೂರ್ತಿ ಮುಡಿ ಎಂದರೆ ಮಗ. ಇದಕ್ಕಿಂತ ಸ್ಪಷ್ಟವಾಗಿ ಅವಳ ಬಾಯಿ ಬಿಡಿಸುವ ಅವಕಾಶ ಮತ್ತೆ ಸಿಗುವುದಿಲ್ಲ. ಹಾಗಾದರೆ ನಾನು ಪೂರ್ತಿ ಮುಡಿಗೆ ಕುಣಿದಾಡಬೇಕಲ್ಲವೇ? ಆದರೆ ಬೋಳಿಸಿದ ಮೇಲೆ ಮುಂದಿನ ಭಾಗದಲ್ಲಿ ಏನು ವಾಪಸ್ಸು ಬರುತ್ತದೋ ಎಂದು ಭಯ. ಕತ್ತಿಯಿಂದ ಏನೂ ಆಗುವುದಿಲ್ಲ, ಹೋಗುವುದು ಹೇಗೂ ಹೋಗುತ್ತದೆ ಎಂದು ಬುದ್ಧಿ ಹೇಳುತ್ತಿತ್ತು. ಗಂಡಸೆನ್ನಿಸಿಕೊಳ್ಳಲು ಏನನ್ನಾದರೂ ಕೊಡುತ್ತೇನೆ ಎಂದುಕೊಂಡವನು ತಲೆಗೂದಲು ಕೊಡಲು ಚೌಕಾಸಿಗೆ ನಿಂತಿದ್ದೆ.

ಮಾರನೆಯ ದಿನ ಮೂವರೂ ಬೆಟ್ಟಕ್ಕೆ ಹೊರಟೆವು. ಕೊರಟಗೆರೆಯಲ್ಲಿ ಬಸ್ಸು ಬದಲಿಸಬೇಕಿತ್ತು. ಗೊರವನಹಳ್ಳಿ ಲಕ್ಷ್ಮಿಯ ಗುಡಿಗೆ ಹೊರಟವರ ಗುಂಪು ನಿಂತಿತ್ತು. ಅವರಲ್ಲಿ ಒಬ್ಬಾಕೆ, ಕೈಯಲ್ಲಿ ಹಣ್ಣುಕಾಯಿಯ ಬುಟ್ಟಿ ಹಿಡಿದವಳು, ಅವ್ವನ ಪಕ್ಕ ಕಲ್ಲುಬೆಂಚಿನ ಮೇಲೆ ಕೂತು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ನಿಮ್ ಹುಡುಗ್ನಾ ಅಕ್ಕ?" ಎಂದು ಕೇಳಿದಳು.

"ನಮ್ದು ಕೊಳಾಲದ ಕಡೆ" ಎಂದಳು ಅವ್ವ.

ಆಕೆ ಬಿಡಲಿಲ್ಲ. "ಮದ್ವೆ ಆಗೈತಾ?"

"ಮಳೆ ಆಗೇ ಇಲ್ಲ ಈ ಸಲ" ಎಂದಳು ಅವ್ವ. ಆಕೆ ಅವ್ವನಿಗೆ ಕಿವಿ ಮಂದವೆಂದು ತಿಳಿದು ಬುಟ್ಟಿಯನ್ನು ಆ ಕಡೆಗೆ ಸರಿಸಿಕೊಂಡಳು. ಅಪ್ಪ ಬಸ್ಸು ಬರುವ ದಿಕ್ಕನ್ನೇ ನೋಡುತ್ತಿದ್ದ. ನನಗೆ ನಗು ಬಂತು. ನಗುವಿನ ಹಿಂದೆಯೇ ಅಳುವೂ ಬಂತು, ಕೆಮ್ಮಿ ನುಂಗಿಕೊಂಡೆ.

ಮಧುಗಿರಿ ದಾರಿಯಲ್ಲಿ ಇಳಿದು ಒಳಕ್ಕೆ ನಡೆದರೆ ರಂಗಸ್ವಾಮಿಯ ಬೆಟ್ಟ. ವಾರದ ನಡುವಿನ ದಿನವಾದ್ದರಿಂದ ಜನವಿರಲಿಲ್ಲ. ಹೊಂಗೆಮರದ ಕೆಳಗಿನ ಜಗಲಿಯಲ್ಲಿ ಮುಡಿ ತೆಗೆಯುವ ಹನುಮಂತರಾಯಪ್ಪ ಕೂತಿದ್ದ. ಅವನ ಎದುರು ಒಂದು ಕೂಸು ಸೋದರಮಾವನ ತೊಡೆಯ ಮೇಲೆ ಕೂತು ಬೆಟ್ಟ ಬಿರಿಯುವಂತೆ ಅಳುತ್ತಿತ್ತು. ಅದರ ಸರದಿ ಮುಗಿದು ಅವರೆಲ್ಲ ನಲ್ಲಿಯ ಕಡೆ ಹೋದರು. ಹನುಮಂತರಾಯಪ್ಪ ನನ್ನ ಕಡೆ ನೋಡಿ, "ಬಾರಪ್ಪ, ತಲೆ ನೆನೆಸ್ಕೊಂಡು ಬಾ" ಎಂದ. ಅವನಿಗೆ ಯಾವ ಗೊಂದಲವೂ ಇರಲಿಲ್ಲ.

ನಾನು ನಲ್ಲಿಯ ಕಡೆ ಎರಡು ಹೆಜ್ಜೆ ಇಟ್ಟೆ.

"ಹನುಮಂತ್ರಾಯಪ್ಪಾ, ಮೂರು ಕತ್ತರಿ" ಎಂದಳು ಅವ್ವ ಹಿಂದಿನಿಂದ.

ನಾನು ನಿಂತೆ. ಹನುಮಂತರಾಯಪ್ಪ ಕಲ್ಲಿಗೆ ಕತ್ತಿ ಮಸೆಯುತ್ತಿದ್ದವನು ತಲೆ ಎತ್ತಿದ. "ಗಂಡುಡುಗ್ರಿಗೆ ಮೂರು ಕತ್ತರಿ ಎಲ್ಲೈತವ್ವ? ಅದು ಹೆಣ್ಮಕ್ಳಿಗೆ. ನಿಮ್ಗೇನಾರಾ ಹರಕೆ ಇತ್ತಾ?"

"ನಂಗಲ್ಲ."

"ಮತ್ಯಾರಿಗೆ?"

ನಲ್ಲಿಯ ಹತ್ತಿರ ಕೂಸಿನ ತಲೆ ತೊಳೆಯುತ್ತಿದ್ದವರು ತಿರುಗಿ ನೋಡಿದರು. ಅಪ್ಪ ಹೆಗಲ ಮೇಲಿನ ಟವಲ್ ತೆಗೆದು ತಲೆಗೆ ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ. ಅವ್ವ ಈಗ ನಿಜ ಹೇಳಿದರೆ ಇಷ್ಟು ಜನರ ಎದುರು ನಾನು ಏನಾಗುತ್ತೇನೆ? ನಿಜ ಹೇಳದಿದ್ದರೆ ಅವಳು ದೇವರಿಗೆ ಮತ್ತೆ ಬಾಕಿ ಬೀಳುತ್ತಾಳೆ. ಓಡಿಹೋಗೋಣವೆನ್ನಿಸಿತು. ಅವ್ವ ನನ್ನ ಮುಖ ನೋಡಿದಳು. ಬಹಳ ದಿನವಾಗಿತ್ತು ಅವಳು ಹಾಗೆ ನೇರವಾಗಿ ನೋಡಿ. ಹಣೆ ನೋಡಿದಳು, ಮೂಲೆಯಲ್ಲಷ್ಟೇ ಇರುವ ಮೀಸೆ ನೋಡಿದಳು.

"ಹರಕೆ ನನ್ ಮಗಳ್ದು" ಎಂದಳು. "ಅವ್ಳು ಬರಕ್ಕಾಗಲ್ಲ. ಇವ್ನು ನನ್ ಮಗ. ಮೊದ್ಲು ಇವ್ನ ತಲೇಲೇ ಅವ್ಳ ಹೆಸ್ರಲ್ಲಿ ಮೂರು ಕತ್ತರಿ ಹಾಕು. ಅದಾದ್ಮೇಲೆ ಇವ್ನ್ದು ಪೂರ್ತಿ ತಗಿ."

ಹನುಮಂತರಾಯಪ್ಪ ಕತ್ತಿ ಕೆಳಗಿಟ್ಟು ಕತ್ತರಿ ಎತ್ತಿಕೊಂಡ. "ಅಕ್ಕನ ಹರಕೆ ತಮ್ಮ ತೀರಿಸ್ತಾನಾ? ತೀರಿಸ್ಲಿ ಬುಡಿ, ಒಂದೇ ರಕ್ತ ತಾನೇ. ಅವ್ಳೆಲ್ಲಿಗೆ ಕೊಟ್ಟಿದ್ದೀರಿ?"

"ದೂರ" ಎಂದಳು ಅವ್ವ. "ಬಸ್ಸೆಲ್ಲ ಹೋಗಲ್ಲ ಅಲ್ಲಿಗೆ."

ಬಸ್ಸಿನ ಮಾತು ಬಂದದ್ದಕ್ಕೆ ಅಪ್ಪ ಏನಾದರೂ ಹೇಳುತ್ತಾನೆಂದುಕೊಂಡೆ. ಅವನು ಹೌದೆಂದು ತಲೆಯಾಡಿಸಿದ.

ನಾನು ಜಗಲಿಯ ಮೇಲೆ ಕೂತೆ. ಕತ್ತರಿ ಕಿವಿಯ ಹತ್ತಿರ ಬಂತು. ಒಂದು. ಎರಡು. ಮೂರು. ಇಷ್ಟೇ ಇಷ್ಟು ಕೂದಲನ್ನು ಅವ್ವ ಸೆರಗಿನಲ್ಲಿ ಹಿಡಿದುಕೊಂಡು, ಅರಿಶಿನದ ಬಟ್ಟೆಯಲ್ಲಿ ಗಂಟು ಕಟ್ಟಿ, "ಮಂಜುಳಂದು ಕಣಪ್ಪಾ, ಮುಗೀತು" ಎಂದು ಗೋಪುರದ ಕಡೆಗೆ ಕೈಮುಗಿದಳು. ಆ ಹೆಸರನ್ನು ಅವಳ ಬಾಯಲ್ಲಿ ಕೇಳಿ ಎಷ್ಟೋ ಕಾಲವಾಗಿತ್ತು. ಆಮೇಲೆ ಕತ್ತಿ ನೆತ್ತಿಗೆ ಬಂತು. ತಣ್ಣಗಿತ್ತು. ತೊಡೆಯ ಮೇಲೆ ಕೂದಲು ಬೀಳುತ್ತಿತ್ತು. ನಾನು ಬೇಡಿಕೊಂಡದ್ದು ಸಿಕ್ಕಿತ್ತು, ಅದೂ ಸಾಕ್ಷಿಗಳ ಸಮೇತ. ಆದರೂ ನನಗೆ ಯಾರೋ ತುಂಬಾ ಹತ್ತಿರದವರನ್ನು ಕಳಿಸಿಕೊಟ್ಟು ಬಂದ ಹಾಗಾಗಿತ್ತು. ಖುಷಿ ಯಾವುದು, ಇದು ಯಾವುದು ಎಂದು ಬೇರೆ ಮಾಡಲಾಗಲಿಲ್ಲ. ಈಗಲೂ ಆಗಿಲ್ಲ.

ಎದ್ದಾಗ ಅಪ್ಪ ನನ್ನ ತಲೆಯನ್ನು ಸುತ್ತ ನೋಡಿ, "ನಮ್ ತಲೇನೇ" ಎಂದ. ತನ್ನ ಟವಲ್ ಕೊಟ್ಟ. "ಸುತ್ಕೋ. ಬಿಸ್ಲಿಗೆ ಸುಟ್ಟೋಯ್ತದೆ. ಮೊದ್ಲು ಮೊದ್ಲು ಗೊತ್ತಾಗಲ್ಲ." ಅವ್ವ ಗಂಧ ತೇದು ತಂದು ಎರಡೂ ಕೈಯಿಂದ ನನ್ನ ಬುರುಡೆಗೆ ಬಳಿದಳು. ಹಣೆಯ ಮೂಲೆಗಳಲ್ಲಿ ಅವಳ ಬೆರಳು ಸ್ವಲ್ಪ ನಿಂತಿತು, ಏನೂ ಹೇಳದೆ ಮುಂದೆ ಹೋಯಿತು.

ವಾಪಸ್ಸು ಬರುವ ಬಸ್ಸಿನಲ್ಲಿ ಅಪ್ಪ ಮುಂದೆ ಕಂಡಕ್ಟರನ ಜೊತೆ ಮಾತಿಗೆ ನಿಂತ. ಅವ್ವ ಕಿಟಕಿ ಪಕ್ಕ, ನಾನು ಅವಳ ಪಕ್ಕ. ಸ್ವಲ್ಪ ದೂರ ಬಂದ ಮೇಲೆ ನೋಡಿದರೆ ಅವಳ ಹೆಗಲು ಅಲುಗುತ್ತಿತ್ತು.

"ಏನಾಯ್ತವ್ವ?" ಎಂದೆ.

ಸೆರಗಿನಲ್ಲಿ ಮೂಗು ಒರೆಸಿಕೊಂಡು ನನ್ನ ಹೆಗಲಿಗೆ ತಲೆಯಿಟ್ಟಳು. "ಏನಿಲ್ಲ ಕಣಪ್ಪ" ಎಂದಳು. "ಮಗಳು ಗ್ಯಾಪ್ಕ ಬಂದ್ಲು."

ಟವಲ್ಲನ್ನು ಹಣೆಯ ಮೇಲಕ್ಕೆ ಎಳೆದುಕೊಂಡೆ. ಅವಳ ಕೈ ಹಿಡಿದುಕೊಂಡೆ.

"ಚೆನ್ನಾಗವ್ಳೆ ಬುಡವ್ವ" ಎಂದೆ. "ನಿನ್ನೇ ಕೇಳ್ತಿರ್ತಾಳೆ."